ಥ್ಯಾಕೋ ಅನ್ನೋ ಕ್ಲೌನ್: ಹಳೇ ನಿಯಮದ ತಮಾಷೆಯೋ, ಹಳೇ ಆಟಗಾರರ ಗೇಲಿಯೋ?

ಇಪ್ಪತ್ತುಮುಖದ_ದಾಳ

ಒಂದು ವಿಷಯಕ್ಕೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆದು ಕಥೆ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2021ರ ಪುಸ್ತಕ 'ದ ವೈಲ್ಡ್ ಬಿಯಾಂಡ್ ದ ವಿಚ್‌ಲೈಟ್' ನಮ್ಮ ಗುಂಪಿಗೆ ಆಡಿಸೋಣ ಅಂತ ಓದುತ್ತಿದ್ದೇನೆ. ಕಥೆ ಶುರುವಾಗುವುದು ಒಂದು ಮಾಯಾ ಜಾತ್ರೆಯಲ್ಲಿ. ಅಲ್ಲಿ ಸಿಡುಕು ಮೋರೆಯ ಒಬ್ಬ ಕ್ಲೌನ್ ಇದ್ದಾನೆ. ಹೆಸರು ಥ್ಯಾಕೋ. ಹಳೇ ಆಟ ಗೊತ್ತಿದ್ದವರಿಗೆ ತಕ್ಷಣ ಅರ್ಥ ಆಗುತ್ತದೆ, ಎರಡನೇ ಆವೃತ್ತಿಯಲ್ಲಿ ಏಟು ತಾಗಿತೋ ಇಲ್ಲವೋ ಅಂತ ನೋಡಲು ಬಳಸುತ್ತಿದ್ದ ಅಂಕಿಯ ಹೆಸರು ಅದು.

ನಮ್ಮ ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಎರಡನೇ ಆವೃತ್ತಿಯ ಕಾಲದಿಂದ ಆಡಿದವರು. ಅವರು ಹಳೇ ನಿಯಮದ ಮಾತು ಎತ್ತಿದರೆ ಸಾಕು, ಯಾರೋ ಒಬ್ಬರು "ಬಂತಪ್ಪ ಥ್ಯಾಕೋ" ಅನ್ನುತ್ತಾರೆ, ಎಲ್ಲರೂ ನಗುತ್ತಾರೆ. ಮೊದಮೊದಲು ಅವರೂ ನಗುತ್ತಿದ್ದರು. ಈಗೀಗ ಮಾತು ಎತ್ತುವುದನ್ನೇ ಕಡಿಮೆ ಮಾಡಿದ್ದಾರೆ. ಇಂಥಾ ಹೊತ್ತಲ್ಲಿ ನಾನು ಡಿಎಂ, ಅಂದರೆ ಕಥೆ ಹೇಳಿ ಆಟ ನಡೆಸುವವನು, ಆಗಿ ಕೂತು, ಆ ಹೆಸರಿನ ಸಿಡುಕು ಕ್ಲೌನ್ ಒಬ್ಬನನ್ನು ಅವರ ಮುಂದೆ ತಂದು ನಿಲ್ಲಿಸಿದರೆ ಹೇಗಿರುತ್ತದೆ? ಸುಮ್ನೆ ತಮಾಷೆ ಅಂತ ಬಿಡಬಹುದಾ?

ಲೇಕ್‌ಜಿನೀವಾ_ಪಕ್ಕದ_ಊರು

ನಾನು ತೊಂಬತ್ತರ ದಶಕದಲ್ಲಿ ಓದಲು ವಿಸ್ಕಾನ್ಸಿನ್‌ಗೆ ಬಂದವನು. ಈ ಆಟ ಹುಟ್ಟಿದ ಲೇಕ್ ಜಿನೀವಾ ಇದೇ ರಾಜ್ಯದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಬರೆದ ಮೊದಲ ಪೆಟ್ಟಿಗೆಯನ್ನು ಟಿಎಸ್‌ಆರ್ ಕಂಪನಿ 1974ರಲ್ಲಿ ಹೊರತಂದದ್ದು ಅಲ್ಲಿಂದಲೇ. ನಾನು ಕಲಿತದ್ದು ಎರಡನೇ ಆವೃತ್ತಿ. ಹಾಗಾಗಿ ಈ ವಿಷಯದಲ್ಲಿ ನಾನು ಒಂದು ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ.

ಥ್ಯಾಕೋ ಬಗ್ಗೆ ನಗುವವರಲ್ಲಿ ಹೆಚ್ಚಿನವರಿಗೆ ಅದು ಏನಂತಲೇ ಗೊತ್ತಿಲ್ಲ. ಅದಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕು ಅಂತ ಹೇಳುತ್ತಾ ತಿರುಗುತ್ತಾರೆ. ಅಸಲಿಗೆ ಅದು ಒಂದೇ ಒಂದು ಕಳೆಯುವ ಲೆಕ್ಕ. ಆಗ ರಕ್ಷಣೆಯ ಅಂಕಿ, ಅಂದರೆ ಆರ್ಮರ್ ಕ್ಲಾಸ್ (ಎಸಿ), ಕಡಿಮೆ ಇದ್ದಷ್ಟೂ ಒಳ್ಳೆಯದು. ಮೈಮೇಲೆ ಕವಚವೇ ಇಲ್ಲದವನಿಗೆ 10. ಪ್ಲೇಟ್ ಕವಚ ತೊಟ್ಟವನಿಗೆ 3, ಕೈಯಲ್ಲಿ ಗುರಾಣಿ ಇದ್ದರೆ 2. ಮಾಯೆ ಗೀಯೆ ಸೇರಿದರೆ ಸೊನ್ನೆಗಿಂತ ಕೆಳಗೆ, ಮೈನಸ್ 10ರ ತನಕ. ಎಸಿ ಸೊನ್ನೆ ಇರುವವನಿಗೆ ಏಟು ತಾಗಿಸಲು ಇಪ್ಪತ್ತು ಮುಖದ ದಾಳದಲ್ಲಿ ನಿಮಗೆ ಎಷ್ಟು ಬೀಳಬೇಕೋ ಅದೇ ನಿಮ್ಮ ಥ್ಯಾಕೋ. ಏಳನೇ ಹಂತಕ್ಕೆ ಏರಿದ ಫೈಟರ್‌ಗೆ, ಅಂದರೆ ಯೋಧ ಪಾತ್ರಕ್ಕೆ, 14. ಎದುರಾಳಿಯ ಎಸಿ 3 ಅಂದರೆ 14ರಿಂದ 3 ಕಳೆಯಿರಿ, 11 ಬೀಳಬೇಕು. ಮೈನಸ್ 2 ಅಂದರೆ 16 ಬೀಳಬೇಕು. ಇಷ್ಟೇ. ಮೂರನೇ ಕ್ಲಾಸಿನ ಮಗು ಮಾಡುವ ಲೆಕ್ಕ, ಮೈನಸ್ ಬಂದಾಗ ಮಾತ್ರ ಒಂದು ಕ್ಷಣ ಯೋಚಿಸಬೇಕು.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ಥ್ಯಾಕೋ ಬಂದದ್ದೇ ಆಟ ಸುಲಭ ಮಾಡಲು. ಮೊದಲನೇ ಆವೃತ್ತಿಯಲ್ಲಿ ಏಟಿನ ಕೋಷ್ಟಕಗಳು ಡಿಎಂ ಪುಸ್ತಕದಲ್ಲಿದ್ದವು, 1979ರಲ್ಲಿ ಬಂದದ್ದು. ಆಟಗಾರರ ಪುಸ್ತಕ ಬಂದದ್ದು 1978ರಲ್ಲಿ, ಅದರಲ್ಲಿ ಕೋಷ್ಟಕ ಇರಲಿಲ್ಲ. ನೀವು ದಾಳ ಎಸೆದು ಡಿಎಂ ಮುಖ ನೋಡುತ್ತಾ ಕೂರಬೇಕು, ಅವನು ಪುಟ ತಿರುವಿ, ಸಾಲು ಹುಡುಕಿ, ಆಮೇಲೆ ಹೇಳಬೇಕು. ಆ ಕೋಷ್ಟಕದಲ್ಲಿ 20 ಅನ್ನುವ ಅಂಕಿ ಸಾಲಾಗಿ ಆರು ಸಲ ಬರುತ್ತಿತ್ತು, ಹಾಗಾಗಿ ಅದನ್ನು ಒಂದೇ ಲೆಕ್ಕಕ್ಕೆ ಇಳಿಸುವ ಹಾಗೂ ಇರಲಿಲ್ಲ. 1989ರಲ್ಲಿ ಎರಡನೇ ಆವೃತ್ತಿ ಬಂದು ಆ ಆರು ಇಪ್ಪತ್ತುಗಳನ್ನು ತೆಗೆದುಹಾಕಿ, ಒಂದು ಅಂಕಿಯನ್ನು ಆಟಗಾರನ ಕೈಗೆ ಕೊಟ್ಟಿತು. ನಿನ್ನ ಪಾತ್ರದ ವಿವರದ ಹಾಳೆಯ ಮೇಲೆ ಬರೆದುಕೋ, ನೀನೇ ಲೆಕ್ಕ ಹಾಕು ಅಂತ. ನನ್ನ ಹಾಳೆಯ ಮೂಲೆಯಲ್ಲಿ ಎಸಿ 10ರಿಂದ ಮೈನಸ್ 10ರ ತನಕ ಪುಟಾಣಿ ಚೌಕಗಳು ಇರುತ್ತಿದ್ದವು, ಹಂತ ಏರಿದಾಗಲೆಲ್ಲ ರಬ್ಬರಿನಿಂದ ಅಳಿಸಿ ಹೊಸ ಅಂಕಿ ಬರೆಯಬೇಕು, ಅಳಿಸಿ ಅಳಿಸಿ ಅಲ್ಲಿ ಕಾಗದವೇ ತೆಳ್ಳಗಾಗುತ್ತಿತ್ತು. ಆ ಅಂಕಿ ಒಂದು ಇಳಿದರೆ ಎಷ್ಟು ಖುಷಿ ಅಂತೀರಿ.

ಅದನ್ನೇ ಈಗ ಕ್ಲೌನ್ ಮಾಡಿದ್ದಾರೆ. ನನಗೆ ಬೇಜಾರಾಯಿತು, ಮುಚ್ಚಿಡುವುದು ಯಾಕೆ.

ಬನಶಂಕರಿ_ಬಾರ್ಡ್

ಸರ್, ಲೆಕ್ಕ ಚೆನ್ನಾಗಿ ಹೇಳಿದಿರಿ. ಆದರೆ ಈ ತಮಾಷೆ ಶುರು ಮಾಡಿದ್ದು ಹೊಸಬರಲ್ಲ, ಹಳಬರೇ ಅಲ್ವಾ? 2000ನೇ ಇಸವಿಯಲ್ಲಿ ಮೂರನೇ ಆವೃತ್ತಿ ಬಂದು ಎಸಿಯನ್ನು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಉಲ್ಟಾ ಮಾಡಿದಾಗ, ಅಬ್ಬ ಕೊನೆಗೂ ಥ್ಯಾಕೋ ಹೋಯಿತು ಅಂತ ಮೊದಲು ನಕ್ಕವರು ಅದನ್ನು ಹತ್ತು ವರ್ಷ ಆಡಿದವರೇ. ಗಜೀಬೋ ಕಥೆಯನ್ನೇ ತೆಗೆದುಕೊಳ್ಳಿ. ಆಟಗಾರನೊಬ್ಬನಿಗೆ ಗಜೀಬೋ ಅಂದರೆ ತೋಟದ ಮಂಟಪ ಅಂತ ಗೊತ್ತಿಲ್ಲ. ಯಾವುದೋ ರಾಕ್ಷಸ ಅಂದುಕೊಂಡು ಅದಕ್ಕೆ ಬಾಣ ಬಿಡುತ್ತಾನೆ. ಎಂಬತ್ತರ ದಶಕದಿಂದ ಹಳಬರೇ ಹೇಳಿಕೊಂಡು ಬಂದ ಕಥೆ ಅದು. 2001ರ ಮಂಚ್‌ಕಿನ್ ಕಾರ್ಡ್ ಆಟದಲ್ಲಿ ಗಜೀಬೋ ರಾಕ್ಷಸನಾಗಿ ಬಂತು. ಯಾರೂ ಅದರಿಂದ ನೊಂದುಕೊಂಡ ಹಾಗೆ ನಾನು ಕಾಣೆ.

ಲೇಕ್‌ಜಿನೀವಾ_ಪಕ್ಕದ_ಊರು

ಗಜೀಬೋ ಕಥೆಯಲ್ಲಿ ನಗು ಬರುವುದು ಆ ಹೊತ್ತಿನ ಗೊಂದಲಕ್ಕೆ. ಡಿಎಂ ಆದವರೆಲ್ಲರಿಗೂ ಅಂಥದ್ದೊಂದು ಆಗಿರುತ್ತದೆ. ಕಥೆ ಗೊತ್ತಿಲ್ಲದವರಿಗೂ ಎರಡು ನಿಮಿಷದಲ್ಲಿ ಹೇಳಿದರೆ ಅವರೂ ನಗುತ್ತಾರೆ. ಥ್ಯಾಕೋ ಕ್ಲೌನ್ ಹಾಗಲ್ಲ. ನಿಯಮ ಗೊತ್ತಿಲ್ಲದ ಹೊಸಬ "ಇದರಲ್ಲಿ ನಗು ಏನು?" ಅಂತ ಕೇಳಿದರೆ ಏನು ಹೇಳುತ್ತೀರಿ? "ಅದೊಂದು ಹಳೇ ದರಿದ್ರ ನಿಯಮ, ಈ ಕ್ಲೌನ್ ಕೂಡ ಹಳಬ, ಯಾವಾಗಲೂ ಸಿಡಿಮಿಡಿ" ಅನ್ನಬೇಕು. ಅಷ್ಟರಲ್ಲಿ ನಿಯಮ ಮಾಯ ಆಗಿ ಮುದುಕ ಮಾತ್ರ ಉಳಿದ.

ಪಾತ್ರದ_ಹಾಳೆ

ನಾನು ಐದನೇ ಆವೃತ್ತಿಯಲ್ಲಿ ಆಟಕ್ಕೆ ಬಂದವಳು. ಲೇಕ್‌ಜಿನೀವಾ ಸರ್ ಮಾತು ಗೌರವದಿಂದಲೇ ಓದಿದೆ. ಆದರೆ ಹಳೇ ನಿಯಮ ಅಂದರೆ ಬರೀ ಥ್ಯಾಕೋ ಅಲ್ಲ. ಮೊದಲನೇ ಆವೃತ್ತಿಯ ಆಟಗಾರರ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ಶಕ್ತಿಗೆ ಮಿತಿ ಇತ್ತು. ಮನುಷ್ಯ ಜಾತಿಯ ಗಂಡು ಫೈಟರ್ 18/00 ತನಕ ಹೋಗಬಹುದು (ಫೈಟರ್‌ನ ಶಕ್ತಿ 18 ಮುಟ್ಟಿದ ಮೇಲೆ ನೂರರ ಲೆಕ್ಕದಲ್ಲಿ ಇನ್ನೊಂದು ಅಂಕಿ, 00 ಅಂದರೆ ನೂರು), ಮನುಷ್ಯ ಜಾತಿಯ ಹೆಣ್ಣು ಫೈಟರ್ 18/50ಕ್ಕೆ ನಿಲ್ಲಬೇಕು. ಡ್ರಾಗನ್ ಹಾರುವ, ಮಾಟಗಾರ ಬೆಂಕಿ ಉಂಡೆ ಎಸೆಯುವ ಲೋಕದಲ್ಲಿ ಹೆಣ್ಣಿನ ತೋಳಿಗೆ ಮಾತ್ರ ಲೆಕ್ಕ ಇಟ್ಟಿದ್ದರು. ಅದನ್ನು ನೋಡಿ ನನಗೆ ನಗು ಬಂದರೆ ನಗಬಾರದಾ? ಯಾರೋ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಳ್ಳಬೇಕಾ?

ಇನ್ನೊಂದು ವಿಷಯ. ಗೇಲಿ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ನಿಮ್ಮ ಪಾತ್ರಗಳು ಸಾಯುವುದೇ ಇಲ್ಲ, ನಿಮ್ಮದು ಆಟವಲ್ಲ ನಾಟಕ, ನಮ್ಮ ಕಾಲದಲ್ಲಿ ಒಂದು ಬಾಗಿಲು ತೆಗೆದರೆ ಪ್ರಾಣ ಹೋಗುತ್ತಿತ್ತು: ಇದನ್ನೆಲ್ಲ ನಾನು ಎಷ್ಟು ಸಲ ಕೇಳಿಲ್ಲ! ಅದಕ್ಕೂ ಒಂದು ಹೆಸರು ಇಡೋಣ.

ಹೆಬ್ಬಾಗಿಲ_ಕಾವಲುಗಾರ

ಪಾತ್ರದ_ಹಾಳೆ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಆ ಬಾಗಿಲಿನ ಮಾತು ಹುಟ್ಟಿದ್ದು 'ಟೂಂಬ್ ಆಫ್ ಹಾರರ್ಸ್' ಥರದ ಸಾಹಸಗಳಿಂದ, ಅಂದರೆ ಆಡಿಸಲು ಬರೆದಿಟ್ಟ ಕಥೆಗಳಿಂದ. ಅದನ್ನು 1975ರಲ್ಲಿ ಆರಿಜಿನ್ಸ್ ಅನ್ನುವ ಸಮ್ಮೇಳನದಲ್ಲಿ ಸ್ಪರ್ಧೆಯಾಗಿ ಆಡಿಸಿದ್ದರು, 1978ರಲ್ಲಿ ಅಚ್ಚಾಯಿತು. ಸ್ಪರ್ಧೆ ಅಂದಮೇಲೆ ಪಾತ್ರಗಳು ಸಾಯಲೇಬೇಕು, ಇಲ್ಲದಿದ್ದರೆ ಗೆದ್ದವರು ಯಾರು ಅಂತ ಹೇಗೆ ತೀರ್ಮಾನ ಮಾಡುತ್ತಾರೆ? ಅದನ್ನೇ ಹಿಡಿದುಕೊಂಡು ನಮ್ಮ ಕಾಲದಲ್ಲಿ ಎಲ್ಲರೂ ದಿನಾ ಹೀಗೆ ಸಾಯುತ್ತಿದ್ದೆವು ಅನ್ನುವುದು ಉತ್ಪ್ರೇಕ್ಷೆ.

ಲೇಕ್‌ಜಿನೀವಾ_ಪಕ್ಕದ_ಊರು

ಮೇಡಂ, ಆ ಶಕ್ತಿಯ ಮಿತಿಯನ್ನು ನಾನು ಸಮರ್ಥಿಸುವುದಿಲ್ಲ, ನಮ್ಮ ಟೇಬಲ್‌ನಲ್ಲಿ ಅದನ್ನು ಬಳಸಲೂ ಇಲ್ಲ. 1989ರಲ್ಲಿ ಎರಡನೇ ಆವೃತ್ತಿಯೇ ಅದನ್ನು ಕಿತ್ತುಹಾಕಿತು. ಅದನ್ನು ನೀವು ಟೀಕಿಸಬೇಕು, ಜೋರಾಗಿಯೇ ಟೀಕಿಸಬೇಕು. ಹಳೇ ಪುಸ್ತಕಗಳ ಡಿಜಿಟಲ್ ಪ್ರತಿ ಮಾರುವ ಕಡೆ 2020ರಲ್ಲಿ ಆಟದ ಈಗಿನ ಕಂಪನಿಯೇ ಒಂದು ಸೂಚನೆ ಹಾಕಿತು, ಇದರಲ್ಲಿನ ಕೆಲವು ವಿಷಯ ಇಂದಿನ ನಮ್ಮ ಮೌಲ್ಯಗಳಿಗೆ ಹೊಂದುವುದಿಲ್ಲ ಅನ್ನುವ ಅರ್ಥದಲ್ಲಿ. ನನ್ನ ಓರಗೆಯ ಕೆಲವರು ಅದಕ್ಕೂ ಸಿಟ್ಟಾದರು. ನಾನು ಆಗಲಿಲ್ಲ. ಅದು ನೇರವಾಗಿ ಹೇಳಿದ ಮಾತು, ಅದಕ್ಕೆ ನೇರವಾಗಿ ಉತ್ತರ ಕೊಡಬಹುದು.

ಕ್ಲೌನ್‌ಗೆ ಏನು ಉತ್ತರ ಕೊಡಲಿ? ಬಾಯಿ ತೆಗೆದರೆ "ನೋಡಿ, ಇವರೇ ಆ ಕ್ಲೌನ್" ಅನ್ನುತ್ತಾರೆ. ಬೇಸರ ಆಯಿತು ಅಂತ ಹೇಳಿದವನನ್ನೇ ಆ ತಮಾಷೆ ಮತ್ತೆ ನುಂಗುತ್ತದೆ. ನನಗೆ ನೋವಾಗುವುದು ಇಲ್ಲೇ. ಒಂದು ನಿಯಮ ಕೆಟ್ಟದ್ದು ಅಂದರೆ ನಾನು ಲೆಕ್ಕ ಹಾಕಿ ತೋರಿಸುತ್ತೇನೆ, ನೀವೂ ತೋರಿಸಿ. ನೀನು ಸಿಡುಕ ಅಂದರೆ ನಾನು ಹೇಗೆ ಅಲ್ಲ ಅಂತ ತೋರಿಸಲಿ?

ಜಾತ್ರೆಗೆ_ಬಂದವನು

ನಾನು ಆ ಪುಸ್ತಕ ಪೂರ್ತಿ ಆಡಿಸಿದ್ದೇನೆ. ಅದು ಹಳಬರನ್ನು ಕೀಳಾಗಿ ನೋಡುವ ಪುಸ್ತಕ ಅಂತ ನನಗೆ ಅನ್ನಿಸಲಿಲ್ಲ. ಮುಂದೆ ಓದಿದರೆ ವಾರ್‌ಡ್ಯೂಕ್, ಸ್ಟ್ರಾಂಗ್‌ಹಾರ್ಟ್, ಕೆಲೆಕ್ ಎಲ್ಲ ಬರುತ್ತಾರೆ. ಇವರೆಲ್ಲ ಎಂಬತ್ತರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಕ್ಕಳಿಗೆ ಮಾರುತ್ತಿದ್ದ ಪ್ಲಾಸ್ಟಿಕ್ ಬೊಂಬೆಗಳ ಪಾತ್ರಗಳು. ಅಷ್ಟು ವರ್ಷದ ಮೇಲೆ ಅವರನ್ನು ಹುಡುಕಿ ತಂದು ಒಂದೊಂದಕ್ಕೂ ಜಾಗ ಕೊಟ್ಟಿದ್ದಾರೆ. ಹಳೇ ಆಟ ಪ್ರೀತಿಸದವರು ಆ ಕೆಲಸ ಮಾಡುವುದಿಲ್ಲ. ಬರೆದವರಿಗೆ ಹಳಬರ ಮೇಲೆ ಮುನಿಸಿತ್ತು ಅಂತ ಅಷ್ಟು ಬೇಗ ತೀರ್ಮಾನ ಮಾಡಬೇಡಿ.

ಪಾತ್ರದ_ಹಾಳೆ

ಹಾಗಾದರೆ ಅದೇ ಪುಸ್ತಕದಲ್ಲಿ ಎರಡು ಥರ ಇದೆ. ಬೊಂಬೆಗಳಿಗೆ ಮರ್ಯಾದೆ, ಆಡಿದವನಿಗೆ ಕ್ಲೌನ್ ವೇಷ. ಲೇಕ್‌ಜಿನೀವಾ ಸರ್ ಹೇಳಿದ "ಉತ್ತರ ಕೊಡಲಾಗುವುದಿಲ್ಲ" ಅನ್ನುವ ಮಾತು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಹುಡುಗಿಯರು ಆಟಕ್ಕೆ ಬಂದಾಗಲೂ ಹೀಗೇ. ತಮಾಷೆ ಇಷ್ಟ ಆಗಲಿಲ್ಲ ಅಂದರೆ, ನಿಮಗೆ ತಮಾಷೆಯೇ ಅರ್ಥ ಆಗಲ್ಲ ಬಿಡಿ ಅನ್ನುತ್ತಾರೆ. ಅದರಲ್ಲಿ ನಾವಿಬ್ಬರೂ ಒಂದೇ ಕಡೆ ನಿಂತಿದ್ದೇವೆ.

ಶಕ್ತಿಯ ಕೋಷ್ಟಕ ನೋಡಿ ನಗುವ ನನ್ನ ಹಕ್ಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅದು ನನ್ನ ಮೇಲೆ ಹೇರಿದ ನಿಯಮ, ಅದರ ಮೇಲೆ ನಗುವ ಹಕ್ಕು ನನಗೇ ಮೊದಲು.

ಲೇಕ್‌ಜಿನೀವಾ_ಪಕ್ಕದ_ಊರು

ಖಂಡಿತ ನಿಮಗೇ ಮೊದಲು. ಅದರಲ್ಲಿ ಎರಡು ಮಾತಿಲ್ಲ.

ಸೈಬರ್‌ಕೆಫೆ_ಕಾಲದವನು

ನಮ್ಮಲ್ಲಿ ಬಹಳ ಜನರಿಗೆ ಥ್ಯಾಕೋ ಪರಿಚಯ ಆದದ್ದು ಟೇಬಲ್ ಮೇಲೆ ಅಲ್ಲ, 1998ರ ಬಾಲ್ಡರ್ಸ್ ಗೇಟ್ ಕಂಪ್ಯೂಟರ್ ಗೇಮ್‌ನಲ್ಲಿ. ಪಾತ್ರದ ಪುಟದಲ್ಲಿ ಥ್ಯಾಕೋ ಅಂತ ಬರೆದು ಒಂದು ಅಂಕಿ ಇರುತ್ತಿತ್ತು. ಅದು ಇಳಿದರೆ ಒಳ್ಳೆಯದು ಅಂತ ತಿಳಿಯುವ ಹೊತ್ತಿಗೆ ಎಷ್ಟು ಕತ್ತಿಗಳನ್ನು ಮಾರಿಬಿಟ್ಟಿದ್ದೆನೋ. ಲೆಕ್ಕ ಕಂಪ್ಯೂಟರ್ ಮಾಡುತ್ತಿದ್ದುದರಿಂದ ನಾನು ಒಂದೇ ಒಂದು ಸಲವೂ ಕಳೆಯಲಿಲ್ಲ. ಆ ಪದ ಕೇಳಿದರೆ ನನಗೆ ಈಗಲೂ ಖುಷಿಯೇ ಆಗುತ್ತದೆ. ಕ್ಲೌನ್ ಹೆಸರು ನೋಡಿದಾಗಲೂ ಮೊದಲು ಬಂದದ್ದು ನಗು. ಹಾಗಾಗಿ ಎಲ್ಲ ಹಳಬರಿಗೂ ನೋವಾಗಿದೆ ಅನ್ನಬೇಡಿ ದಯವಿಟ್ಟು.

ಹೆಬ್ಬಾಗಿಲ_ಕಾವಲುಗಾರ

ಈ ಜನರಿಗೆ ಚರ್ಮ ಯಾಕೆ ಇಷ್ಟು ತೆಳು ಅಂತ ಕೇಳುವವರಿಗೆ ಒಂದು ಹಿನ್ನೆಲೆ. ಎಂಬತ್ತರ ದಶಕದ ಅಮೆರಿಕದಲ್ಲಿ ಈ ಆಟ ಆಡುವ ಹುಡುಗರು ಸೈತಾನನ ಪೂಜೆ ಮಾಡುತ್ತಾರೆ ಅನ್ನುವ ಹುಯಿಲೆದ್ದಿತ್ತು. ಮಗನ ಆತ್ಮಹತ್ಯೆಗೆ ಈ ಆಟವೇ ಕಾರಣ ಅಂತ ನಂಬಿದ ಪ್ಯಾಟ್ರೀಶಿಯಾ ಪುಲ್ಲಿಂಗ್ ಅನ್ನುವ ತಾಯಿ 1983ರಲ್ಲಿ ಆಟದ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದರು. ಟಿವಿಯಲ್ಲೂ ಚರ್ಚ್‌ನಲ್ಲೂ ಅದೇ ಮಾತು. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಪುಸ್ತಕಗಳನ್ನು ಬಿಸಾಕಿದರು. ಎರಡನೇ ಆವೃತ್ತಿ ಬಂದಾಗ ಆಟದಿಂದ ಡೆಮನ್, ಡೆವಿಲ್ ಅನ್ನುವ ಪದಗಳನ್ನೇ ತೆಗೆದು, ಆಮೇಲೆ ತನಾರಿ, ಬಾತೆಜು ಅಂತೆಲ್ಲ ಹೊಸ ಹೆಸರು ಇಟ್ಟರು. ಶಾಲೆಯಲ್ಲಿ ಬೈಸಿಕೊಂಡು, ಮನೆಯಲ್ಲಿ ಬೈಸಿಕೊಂಡು, ಯಾರದೋ ನೆಲಮಾಳಿಗೆಯಲ್ಲಿ ಕೂತು ಆಡಿದವರು ಅವರು. ಹೊರಗಿನವರು ನಕ್ಕಾಗಲೆಲ್ಲ ಆಶ್ರಯ ಅಂತ ಇದ್ದದ್ದು ಈ ಟೇಬಲ್ ಒಂದೇ. ಈಗ ನಗು ಟೇಬಲ್‌ನ ಒಳಗಿಂದ, ಅದೂ ಆಟದ ಅಧಿಕೃತ ಪುಸ್ತಕದಿಂದ ಬಂದರೆ ಚುಚ್ಚುತ್ತದೆ.

ನಮ್ಮ ಕಡೆ ಈ ಇತಿಹಾಸ ಇಲ್ಲ. ನಮಗೆ ಆಟ ಬಂದದ್ದು ತಡವಾಗಿ, ಬಂದಾಗ ಯಾರೂ ಬೈಯಲಿಲ್ಲ, ಜಾಸ್ತಿ ಅಂದರೆ "ಈ ವಯಸ್ಸಲ್ಲಿ ಇದೆಂಥ ಆಟ" ಅಂದಿರಬಹುದು. ಅದಕ್ಕೇ ನಮಗೆ ಆ ಉರಿ ಬೇಗ ತಿಳಿಯುವುದಿಲ್ಲ.

ಮೈಸೂರು_ಕವಡೆ

ಚೌಕಾಬಾರದ ಮಾತು ಇಲ್ಲಿ ತರಬಹುದಾ? ನಮ್ಮಜ್ಜಿ ಮನೆಯಲ್ಲಿ ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ. ಎದುರು ಮನೆಯಲ್ಲಿ ಆ ನಿಯಮ ಇಲ್ಲ. ಇಬ್ಬರೂ ಸೇರಿದರೆ ಜಗಳ, ಆಮೇಲೆ ಯಾವುದೋ ಒಂದಕ್ಕೆ ಒಪ್ಪಿ ಆಟ. ಆದರೆ ಅಜ್ಜಿಯ ನಿಯಮ ಹಳತಾಯಿತು, ಹೊಸ ಪುಸ್ತಕ ಬಂದಿದೆ ಅಂತ ಹೇಳಲು ಅಲ್ಲಿ ಕಂಪನಿ ಇರಲಿಲ್ಲ. ಇಲ್ಲಿ ಕೆಲವು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಮಾರಬೇಕು, 1989, 2000, 2008, 2014, 2024. ಹೊಸದು ಮಾರಬೇಕು ಅಂದರೆ ಹಳತು ಪೆದ್ದುಪೆದ್ದಾಗಿ ಕಾಣಬೇಕು. ಥ್ಯಾಕೋ ತಮಾಷೆ ಇಷ್ಟು ವರ್ಷ ಬದುಕಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನುಮಾನ.

ಬನಶಂಕರಿ_ಬಾರ್ಡ್

ಅದು ಸ್ವಲ್ಪ ಜಾಸ್ತಿ ಆಯಿತು. ಎಸಿ ಮೇಲಕ್ಕೆ ಹೋಗುವುದು ನಿಜವಾಗಿಯೂ ಕಲಿಸಲು ಸುಲಭ. ದಾಳಕ್ಕೆ ನಿಮ್ಮ ಬೋನಸ್ ಸೇರಿಸಿ, ಎದುರಾಳಿಯ ಎಸಿ ಮುಟ್ಟಿತಾ ನೋಡಿ, ಮುಗಿಯಿತು. ಜಾಸ್ತಿ ಅಂದರೆ ಒಳ್ಳೆಯದು, ಎಲ್ಲ ಕಡೆ ಒಂದೇ ರೀತಿ.

ಲೇಕ್‌ಜಿನೀವಾ_ಪಕ್ಕದ_ಊರು

ಸುಲಭ ಅನ್ನುವುದು ಒಪ್ಪಿದೆ. ಬದಲಾಯಿಸಿದ್ದು ಒಳ್ಳೆಯದೇ ಆಯಿತು, ನಾನೂ ಈಗ ಹೊಸಬರಿಗೆ ಐದನೇ ಆವೃತ್ತಿಯೇ ಕಲಿಸುತ್ತೇನೆ. ಥ್ಯಾಕೋ ವಾಪಸ್ ತನ್ನಿ ಅಂತ ನಾನು ಎಲ್ಲೂ ಹೇಳಿಲ್ಲ. ಹಳೇ ನಿಯಮದ ಬಗ್ಗೆ ಮಾತಾಡುವವನು ಅದನ್ನು ವಾಪಸ್ ತರಲು ಬಂದಿದ್ದಾನೆ ಅಂತ ಎಲ್ಲರೂ ಯಾಕೆ ಅಂದುಕೊಳ್ಳುತ್ತಾರೆ? ಇಪ್ಪತ್ತುಮುಖದ_ದಾಳ ಅವರ ಗುಂಪಿನ ಹಿರಿಯರಿಗೂ ಬಹುಶಃ ಇದೇ ಆಗಿರಬೇಕು. ಅವರು ಒಂದು ಸಂಗತಿ ಹೇಳಲು ಹೊರಟಿರುತ್ತಾರೆ, ಅದಕ್ಕೆ ಮೊದಲೇ ನಗು ಬರುತ್ತದೆ, ಸಂಗತಿ ಒಳಗೇ ಉಳಿಯುತ್ತದೆ.

ಇನ್ನು, ಹಳೇ ನಿಯಮ ಅಂದರೆ ಮುದುಕರ ನಿಯಮ ಅನ್ನುವುದೂ ಈಗ ನಿಜವಲ್ಲ. 2006ರಲ್ಲಿ ಆಸ್ರಿಕ್ ಅನ್ನುವ ನಿಯಮ ಪುಸ್ತಕ ಬಂದಾಗಿನಿಂದ ಹಳೇ ಆಟವನ್ನು ಮತ್ತೆ ಬರೆದು ಹಂಚುವ ಒಂದು ದೊಡ್ಡ ಚಳವಳಿಯೇ ಬೆಳೆದಿದೆ. 2019ರ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ತೆಗೆದು ನೋಡಿ, ಇಳಿಯುವ ಎಸಿ, ಏರುವ ಎಸಿ ಎರಡನ್ನೂ ಪಕ್ಕಪಕ್ಕದಲ್ಲಿ ಕೊಟ್ಟಿದ್ದಾರೆ, ನಿಮಗೆ ಬೇಕಾದ್ದು ಬಳಸಿ ಅಂತ. ಆ ಪುಸ್ತಕ ಹಿಡಿದು ಆಡುವವರಲ್ಲಿ ಎರಡನೇ ಆವೃತ್ತಿ ಬಂದಾಗ ಹುಟ್ಟಿಯೇ ಇರದಿದ್ದವರನ್ನು ನಾನೇ ನೋಡಿದ್ದೇನೆ.

ಇಪ್ಪತ್ತುಮುಖದ_ದಾಳ

ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಓದಿದೆ. ನಮ್ಮ ಟೇಬಲ್‌ನಲ್ಲಿ ಆ "ಬಂತಪ್ಪ ಥ್ಯಾಕೋ" ನಿಲ್ಲಿಸುವುದು ಮೊದಲ ಕೆಲಸ. ಎಲ್ಲರ ಮುಂದೆ ಭಾಷಣ ಮಾಡುವುದಿಲ್ಲ, ಜಾಸ್ತಿ ಅನ್ನುವ ಇಬ್ಬರಿಗೆ ಬೇರೆಯಾಗಿ ಹೇಳುತ್ತೇನೆ.

ಕ್ಲೌನ್ ವಿಷಯಕ್ಕೆ ಬಂದರೆ, ಹೆಸರು ತೆಗೆದುಹಾಕಲು ಮನಸ್ಸಿಲ್ಲ. ಸೈಬರ್‌ಕೆಫೆ ಅಣ್ಣನ ಹಾಗೆ ಆ ಹೆಸರು ಕೇಳಿ ಖುಷಿ ಪಡುವವರೂ ಇರುತ್ತಾರೆ. ಸಿಡುಕನ್ನು ತೆಗೆದು ಬೇರೆ ಏನಾದರೂ ಕೊಡಬಹುದಾ? ಹಿರಿಯರಿಗೆ ಆ ಹೊತ್ತಿನಲ್ಲಿ ನಗುವ ಅವಕಾಶ ಸಿಗಬೇಕು, ಬೇರೆಯವರಿಗೆ ನಿಯಮವೂ ಗೊತ್ತಾಗಬೇಕು.

ಲೇಕ್‌ಜಿನೀವಾ_ಪಕ್ಕದ_ಊರು

ಹಾಗಾದರೆ ಅವನಿಗೆ ಜಾತ್ರೆಯಲ್ಲಿ ಒಂದು ಚೆಂಡು ಎಸೆಯುವ ಅಂಗಡಿ ಹಾಕಿಕೊಡಿ. ಗೋಡೆಯ ಮೇಲೆ ಮೂರು ಗಂಟೆ ತೂಗುಹಾಕಿ. ದೊಡ್ಡದರ ಕೆಳಗೆ 7 ಅಂತ ಬರೆದಿದೆ, ನಡುವಿನದಕ್ಕೆ 3, ಮೂಲೆಯ ಪುಟ್ಟ ಗಂಟೆಗೆ ಮೈನಸ್ 1. ಪಾತ್ರಗಳು ಮೊದಲ ಹಂತದವು, ನಿಜವಾದ ಥ್ಯಾಕೋ 20 ಕೊಟ್ಟರೆ ಗೆಲ್ಲುವುದು ತೀರಾ ಕಷ್ಟ. ಅದಕ್ಕೆ ಜಾತ್ರೆಯ ಚೆಂಡಿಗೇ ಮಾಯೆ ಇದೆ, ಹಿಡಿದವರೆಲ್ಲರ ಥ್ಯಾಕೋ 15 ಅನ್ನಿ. ಕ್ಲೌನ್ ತನ್ನ ಲೆಕ್ಕವನ್ನು ಹೆಮ್ಮೆಯಿಂದ ವಿವರಿಸಲಿ, ಅವನಿಗೆ ಅದು ಜೀವ. ದೊಡ್ಡ ಗಂಟೆಗೆ 8 ಬೀಳಬೇಕು, ನಡುವಿನದಕ್ಕೆ 12, ಪುಟ್ಟದ್ದಕ್ಕೆ 16. ಪುಟ್ಟ ಗಂಟೆ ಬಾರಿಸಿದವರಿಗೆ ಒಳ್ಳೆಯ ಬಹುಮಾನ ಇಡಿ. ಯಾರಿಗಾದರೂ ಲೆಕ್ಕ ತೊಡಕಾದರೆ ನಿಮ್ಮ ಹಿರಿಯರ ಕಡೆ ತಿರುಗಿ ಕೇಳಿ, ಅವರೇ ಹೇಳಿಕೊಡಲಿ.

ಪಾತ್ರದ_ಹಾಳೆ

ಇದು ತುಂಬಾ ಚೆನ್ನಾಗಿದೆ, ನಾನೂ ನನ್ನ ಗುಂಪಿಗೆ ಆಡಿಸುತ್ತೇನೆ. ಒಂದು ಅನುಮಾನ. ನನ್ನ ಪಾತ್ರಕ್ಕೆ ಡೆಕ್ಸ್ಟೆರಿಟಿ, ಅಂದರೆ ಚುರುಕುತನದ, ಬೋನಸ್ 3 ಇದೆ. ಅದನ್ನು ಥ್ಯಾಕೋದಿಂದ ಕಳೆಯಬೇಕಾ, ದಾಳಕ್ಕೆ ಸೇರಿಸಬೇಕಾ?

ಲೇಕ್‌ಜಿನೀವಾ_ಪಕ್ಕದ_ಊರು

ಎರಡರಲ್ಲಿ ಯಾವುದು ಮಾಡಿದರೂ ಉತ್ತರ ಒಂದೇ. ನಾವು ದಾಳಕ್ಕೆ ಸೇರಿಸುತ್ತಿದ್ದೆವು. ಪುಟ್ಟ ಗಂಟೆಗೆ ನಿಮಗೆ 13 ಬಿದ್ದರೆ ಸಾಕು.